ಗಾಲಿಯ ಮೇಲಿನ ಮನೆ ಮತ್ತು ಲೂಸಿಲ್ ಬಾಲ್

ನಮ್ಮ ತೊಂಡೇಬಾವಿಯ ಕಡೆ ಟ್ರೇಲರ್ ಎಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಕಬ್ಬಿಣದ ತೊಟ್ಟಿ. ಗೊಬ್ಬರ, ಮುಸುಕಿನ ಜೋಳ, ಇಟ್ಟಿಗೆ, ಮರಳು ಎಲ್ಲವೂ ಅದರಲ್ಲೇ ಸಾಗುತ್ತವೆ. ಮದುವೆಯ ಕಾಲ ಬಂದರೆ ಅದೇ ತೊಟ್ಟಿಗೆ ಜಮಖಾನ ಹಾಸಿ, ಮೂಲೆಗಳಿಗೆ ಬಾಳೆಕಂದು ಕಟ್ಟಿ, ದಿಬ್ಬಣವನ್ನು ಕೂರಿಸಿಕೊಂಡು ಗೌರಿಬಿದನೂರಿನ ಕಡೆಗೋ ವಿದುರಾಶ್ವತ್ಥದ ಕಡೆಗೋ ಹೊರಡುತ್ತಾರೆ. ಕಳೆದ ವೈಶಾಖದಲ್ಲಿ ಒಂದು ಸಂಜೆ ನಾನೂ ನನ್ನ ಪತ್ನಿಯೂ ಜಗಲಿಯ ಮೇಲೆ ಕುಳಿತಿದ್ದಾಗ ಅಂಥದೊಂದು ಟ್ರೇಲರ್ ನಮ್ಮ ಮನೆಯ ಮುಂದೆಯೇ ಹಾದುಹೋಯಿತು. ಅದರಲ್ಲಿ ಮಂಚ, ಬೀರು, ಸುತ್ತಿದ ಹಾಸಿಗೆ, ಸ್ಟೀಲಿನ ಡ್ರಮ್ಮುಗಳು, ಪೆಟ್ಟಿಗೆ ಬಿಚ್ಚದ ಮಿಕ್ಸಿ ಇದ್ದವು. ಇವುಗಳ ನಡುವೆ ಸೀರೆಯ ಸೆರಗನ್ನು ಬಿಗಿಯಾಗಿ ಹಿಡಿದು ಕುಳಿತ ಹೊಸ ಮದುವಣಗಿತ್ತಿ. ನನ್ನ ಪತ್ನಿ ಸಾಮಾನುಗಳನ್ನು ಒಂದೊಂದಾಗಿ ಎಣಿಸಿದಳು. ಎಣಿಸುವುದು ಆಕೆಗೆ ಅಭ್ಯಾಸವಾಗಿಬಿಟ್ಟಿದೆ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಅಂದು ರಾತ್ರಿಯೇ ನಾವಿಬ್ಬರೂ ಮಗಳು ಕಳುಹಿಸಿಕೊಟ್ಟಿದ್ದ ಹಳೆಯ ಇಂಗ್ಲಿಷ್ ಚಿತ್ರವೊಂದನ್ನು ನೋಡಿದೆವು. 1954ರಲ್ಲಿ ಬಿಡುಗಡೆಯಾದ ‘ದಿ ಲಾಂಗ್, ಲಾಂಗ್ ಟ್ರೇಲರ್’. ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಮನೆಯನ್ನೇ ಗಾಲಿಗಳ ಮೇಲಿಟ್ಟು, ಕಾರಿನ ಹಿಂದೆ ಕಟ್ಟಿಕೊಂಡು ಅಮೆರಿಕದ ಪರ್ವತಗಳನ್ನು ದಾಟುವ ಹಾಸ್ಯಚಿತ್ರ ಅದು. ಅದರ ನಾಯಕಿ ಲೂಸಿಲ್ ಬಾಲ್. ನಾಯಕ ಆಕೆಯ ನಿಜಜೀವನದ ಪತಿ ದೇಸಿ ಅರ್ನಾಜ್. ನಗುತ್ತಲೇ ನೋಡಿದ ಆ ಚಿತ್ರ ಮುಗಿದ ಮೇಲೆ ನನ್ನಲ್ಲಿ ಬೇರೆಯದೇ ಒಂದು ಕುತೂಹಲ ಉಳಿಯಿತು. ಆ ದಂಪತಿ ಕೊನೆಗೆ ಏನಾದರು? ನಂತರದ ಕೆಲವು ತಿಂಗಳು ಆಕೆಯ ಜೀವನದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಆ ಜೀವನದಲ್ಲಿ ಕಲಿಯುವುದು ಬಹಳವಿತ್ತು. ಮೂವತ್ತೆರಡು ವರ್ಷ ಸರ್ಕಾರಿ ವರ್ಗಾವಣೆಗಳಲ್ಲಿ ಸಂಸಾರವನ್ನು ಹೊತ್ತು ತಿರುಗಿದವನಿಗೆ ಇನ್ನೂ ಹೆಚ್ಚು.

ಲೂಸಿಲ್ ಹುಟ್ಟಿದ್ದು 1911ರ ಆಗಸ್ಟ್ 6ರಂದು, ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಅಂಚಿನ ಜೇಮ್ಸ್‌ಟೌನ್ ಎಂಬ ಪಟ್ಟಣದಲ್ಲಿ. ಪೀಠೋಪಕರಣಗಳ ಕಾರ್ಖಾನೆಗಳಿಗೆ ಹೆಸರಾಗಿದ್ದ ಊರು. ತಂದೆ ಟೆಲಿಫೋನ್ ಕಂಪನಿಯ ಲೈನ್‌ಮನ್. ಕೆಲಸ ಕರೆದಲ್ಲಿಗೆ ಹೆಂಡತಿ ಮಗುವನ್ನು ಕರೆದುಕೊಂಡು ಹೋಗುತ್ತಿದ್ದವರು. 1915ರಲ್ಲಿ, ಮಗಳಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ, ಅವರು ವಿಷಮಶೀತ ಜ್ವರಕ್ಕೆ ಬಲಿಯಾದರು. ತಾಯಿ ಆಗ ಎರಡನೆಯ ಮಗುವಿನ ಗರ್ಭಿಣಿ. ಆ ದಿನ ಮನೆಯೊಳಗೆ ಹಕ್ಕಿಯೊಂದು ನುಗ್ಗಿದ್ದು ಮಾತ್ರ ಮಗುವಿನ ನೆನಪಿನಲ್ಲಿ ಅಚ್ಚೊತ್ತಿತ್ತಂತೆ. ಬದುಕಿನುದ್ದಕ್ಕೂ ಹಕ್ಕಿಯ ಚಿತ್ರವಿರುವ ಕೋಣೆಯಲ್ಲಿ ತಂಗಲು ಆಕೆ ಒಪ್ಪುತ್ತಿರಲಿಲ್ಲ.

ಆಶ್ರಯ ಕೊಟ್ಟವರು ತಾಯಿಯ ತಂದೆ, ಫ್ರೆಡ್ ಹಂಟ್. ಜೇಮ್ಸ್‌ಟೌನ್‌ಗೆ ಅಂಟಿಕೊಂಡಂತಿದ್ದ ಸೆಲೊರಾನ್ ಎಂಬ ಸಣ್ಣ ಊರಿನಲ್ಲಿ, ಸರೋವರದ ಬಳಿ ಅವರ ಮನೆ. ಮರಗೆಲಸದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಜ್ಜ ಸಮಾಜವಾದಿ. ಕಾರ್ಮಿಕ ನಾಯಕ ಯೂಜಿನ್ ಡೆಬ್ಸ್‌ನ ಅಭಿಮಾನಿ. ಮೊಮ್ಮಕ್ಕಳನ್ನು ವಾರಾಂತ್ಯದಲ್ಲಿ ಸಂಚಾರಿ ವಿನೋದಾವಳಿಗಳಿಗೆ ಕರೆದೊಯ್ಯುತ್ತಿದ್ದವರೂ ಅವರೇ. ಮೊಮ್ಮಗಳ ಕಲೆಯೂ ಮುಂದೆ ಆಕೆಯನ್ನು ಕಾಡಿದ ದೊಡ್ಡ ಕಂಟಕವೂ ಇದೇ ಅಜ್ಜನ ಕೊಡುಗೆಗಳೆಂಬುದು ವಿಚಿತ್ರ.

1927ರ ಬೇಸಿಗೆಯಲ್ಲಿ ಆ ಮನೆಯ ಹಿತ್ತಲಿನಲ್ಲಿ ಒಂದು ಅವಘಡ ನಡೆಯಿತು. ಅಜ್ಜ ಮೊಮ್ಮಗನಿಗೆ ಸಣ್ಣ ಬಂದೂಕು ತಂದುಕೊಟ್ಟು ಗುರಿಯಿಡುವುದನ್ನು ಕಲಿಸುತ್ತಿದ್ದರು. ನೆರೆಯ ಹುಡುಗನೊಬ್ಬ ಅಡ್ಡ ಬಂದ. ಮತ್ತೊಂದು ಮಗುವಿನ ಕೈಯಿಂದ ಹಾರಿದ ಗುಂಡು ಅವನ ಬೆನ್ನುಹುರಿಗೆ ತಗುಲಿತು. ಹುಡುಗ ನಡೆಯುವ ಶಕ್ತಿಯನ್ನು ಕಳೆದುಕೊಂಡ. ಮೊಕದ್ದಮೆಯಲ್ಲಿ ಅಜ್ಜ ಸೋತರು. ಮನೆ ಕೈಬಿಟ್ಟಿತು. ಸರೋವರದ ದಂಡೆಯ ಆ ಮನೆಯಿಂದ ಸಾಮಾನು ಹೊರಬಿದ್ದ ದಿನವನ್ನು ಲೂಸಿಲ್ ಎಂದೂ ಮರೆಯಲಿಲ್ಲ. ಆಗ ಆಕೆಗೆ ಹದಿನಾರರ ಆಸುಪಾಸು. ಕಂದಾಯ ಇಲಾಖೆಯಲ್ಲಿದ್ದು ಹಲವು ಜಪ್ತಿಗಳಿಗೆ ಸಾಕ್ಷಿಯಾದ ನಾನು ಬಲ್ಲೆ, ಸಾಲ ತೀರಿದರೂ ಹೊರಬಿದ್ದ ಪಾತ್ರೆಗಳ ಸದ್ದು ಆ ಮನೆಯ ಮಕ್ಕಳ ಕಿವಿಯಿಂದ ಹೋಗುವುದಿಲ್ಲ.

ಇದಕ್ಕೂ ಸ್ವಲ್ಪ ಮೊದಲು ತಾಯಿ ಆಕೆಯನ್ನು ನ್ಯೂಯಾರ್ಕ್ ನಗರದ ನಾಟಕ ಶಾಲೆಗೆ ಸೇರಿಸಿದ್ದರು. ಅಲ್ಲಿ ಬೆಟ್ಟಿ ಡೇವಿಸ್ ಎಂಬ ಸಹಪಾಠಿ ಮಿಂಚುತ್ತಿದ್ದಳು. ಲೂಸಿಲ್‌ಗೆ ಬಾಯಿಯೇ ಏಳುತ್ತಿರಲಿಲ್ಲ. ಈ ಹುಡುಗಿಯ ಮೇಲೆ ಹಣ ಸುರಿಯುವುದು ವ್ಯರ್ಥವೆಂದು ಶಾಲೆಯವರು ತಾಯಿಗೆ ಬರೆದರು. ಮನೆಗೆ ಮರಳಿದವಳು ಕೆಲಕಾಲದ ನಂತರ ಮತ್ತೆ ಅದೇ ನಗರಕ್ಕೆ ಹೋಗಿ ಉಡುಪು ವಿನ್ಯಾಸಕಿಯೊಬ್ಬಳ ಬಳಿ ರೂಪದರ್ಶಿಯಾದಳು. ಕೀಲುಗಳಿಗೆ ಬಂದ ಕಾಯಿಲೆಯೊಂದು ಎರಡು ವರ್ಷದಷ್ಟು ಕಾಲವನ್ನು ನುಂಗಿತು. ಮತ್ತೆ ನಡೆಯಲು ಕಲಿತು ಮೂರನೆಯ ಬಾರಿ ಹೋದಳು. ಸಿಗರೇಟಿನ ಜಾಹೀರಾತೊಂದರಲ್ಲಿ ಮುಖ ಕಾಣಿಸಿತು. 1933ರಲ್ಲಿ ಚಲನಚಿತ್ರವೊಂದಕ್ಕೆ ಸಾಲು ನರ್ತಕಿಯರು ಬೇಕಾಗಿ ಹಾಲಿವುಡ್‌ನಿಂದ ಕರೆ ಬಂತು. ಕೆಲವೇ ವಾರಗಳ ಕೆಲಸವೆಂದು ಹೋದವಳು ಅಲ್ಲಿಯೇ ಉಳಿದಳು.

ಮುಂದಿನ ಹದಿನೈದಕ್ಕೂ ಹೆಚ್ಚು ವರ್ಷಗಳನ್ನು ಬೇಗ ದಾಟಬಹುದು. ಆರ್‌ಕೆಓ ಸ್ಟುಡಿಯೊದಲ್ಲಿ ವಾರದ ಸಂಬಳದ ನಟಿ, ನಂತರ ಎಂಜಿಎಂನಲ್ಲಿ. ಕೂದಲಿಗೆ ಕೆಂಪು ಬಣ್ಣ ಬಂದದ್ದು ಎಂಜಿಎಂ ಕಾಲದಲ್ಲಿ. ನೈಜವಾಗಿ ಆಕೆಯದು ಕಂದುಗೂದಲು. ಡಜನ್‌ಗಟ್ಟಲೆ ಚಿತ್ರಗಳು. ಬಹುಪಾಲು ಎರಡನೆಯ ದರ್ಜೆಯವು. ಅಗ್ಗದ ಚಿತ್ರಗಳ ರಾಣಿ ಎಂಬ ಅಡ್ಡಹೆಸರು. ಮೊದಲ ಗಳಿಕೆಯಲ್ಲೇ ಆಕೆ ಮಾಡಿದ್ದು ಬಾಡಿಗೆಗೊಂದು ಮನೆ ಹಿಡಿದು ತಾಯಿ, ತಮ್ಮ, ಅಜ್ಜ ಎಲ್ಲರನ್ನೂ ಅಲ್ಲಿಗೆ ಕರೆಸಿಕೊಂಡದ್ದು.

1940ರಲ್ಲಿ ‘ಟೂ ಮೆನಿ ಗರ್ಲ್ಸ್’ ಎಂಬ ಚಿತ್ರದ ಸಂದರ್ಭದಲ್ಲಿ ದೇಸಿ ಅರ್ನಾಜ್‌ನ ಪರಿಚಯವಾಯಿತು. ಕನ್ನಡದ ಕಿವಿಗೆ ಆ ಹೆಸರು ತಮಾಷೆಯಾಗಿ ಕೇಳಿಸುತ್ತದೆ, ಏಕೆಂದರೆ ಅಮೆರಿಕದಲ್ಲಿ ಆತ ಅಪ್ಪಟ ಪರದೇಶಿ. ಕ್ಯೂಬಾದ ಸ್ಯಾಂಟಿಯಾಗೊ ನಗರದ ಮೇಯರ್‌ನ ಮಗ. 1933ರ ಕ್ರಾಂತಿಯಲ್ಲಿ ಮನೆ ಮಾರು ಕಳೆದುಕೊಂಡು ಮಯಾಮಿಗೆ ಓಡಿಬಂದ ಕುಟುಂಬ. ಡೋಲು ಬಾರಿಸುತ್ತ, ಹಾಡುತ್ತ ಆತ ವಾದ್ಯವೃಂದದ ನಾಯಕನಾಗಿದ್ದ. ವಯಸ್ಸಿನಲ್ಲಿ ಲೂಸಿಲ್‌ಗಿಂತ ಆರು ವರ್ಷ ಕಿರಿಯ. ಅದೇ ವರ್ಷ ನವೆಂಬರ್ 30ರಂದು ಇಬ್ಬರೂ ಯಾರಿಗೂ ಹೇಳದೆ ಮದುವೆಯಾದರು. ಇಬ್ಬರೂ ಮನೆ ಕಳೆದುಕೊಂಡವರು ಎಂಬುದನ್ನು ಜೀವನಚರಿತ್ರೆಕಾರರು ಅಷ್ಟಾಗಿ ಗಮನಿಸಿದಂತಿಲ್ಲ. ನನಗೆ ಅದೇ ಮುಖ್ಯವಾಗಿ ಕಂಡಿತು.

ಲಾಸ್ ಏಂಜಲಿಸ್‌ನ ಹೊರವಲಯದಲ್ಲಿ ಐದು ಎಕರೆ ತೋಟದ ಮನೆಯೊಂದನ್ನು ಕೊಂಡು, ತಮ್ಮಿಬ್ಬರ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಅದಕ್ಕೆ ದೇಸಿಲು ಎಂದು ಹೆಸರಿಟ್ಟರು. ಆದರೆ ಒಟ್ಟಿಗೆ ಇದ್ದದ್ದು ಕಡಿಮೆ. ಆಕೆ ಮುಂಜಾನೆ ಸ್ಟುಡಿಯೊಗೆ ಹೊರಡುವ ಹೊತ್ತಿಗೆ ಆತ ರಾತ್ರಿಯ ಕಾರ್ಯಕ್ರಮ ಮುಗಿಸಿ ಬರುತ್ತಿದ್ದ. ಇಲ್ಲವೇ ವಾದ್ಯವೃಂದದೊಡನೆ ತಿಂಗಳುಗಟ್ಟಲೆ ಊರೂರು. ಆತನಿಗೆ ಕುಡಿತವಿತ್ತು, ಪರಸ್ತ್ರೀಯರ ಸಹವಾಸವಿತ್ತು. 1944ರಲ್ಲಿ ಆಕೆ ವಿಚ್ಛೇದನಕ್ಕೆ ಅರ್ಜಿ ಹಾಕಿ, ಮತ್ತೆ ರಾಜಿಯಾದಳು. ತಾಯಿಯಾಗುವ ಆಸೆ ಹಲವು ಬಾರಿ ಗರ್ಭಪಾತದಲ್ಲಿ ಮುಗಿಯಿತು.

ಇಲ್ಲಿ ನನ್ನ ಮಾತು ಸ್ವಲ್ಪ ಬೇಕಾಗಿದೆ. ನನ್ನ ಸೇವಾವಧಿಯಲ್ಲಿ ಹದಿನಾಲ್ಕು ವರ್ಗಾವಣೆಗಳು. ಮೊದಲ ಆರರಲ್ಲಿ ಸಂಸಾರ ನನ್ನೊಡನೆ ಬಂತು. ಪ್ರತಿ ಬಾರಿ ಲಾರಿಗೆ ಹೇರುವ ಮೊದಲು ಮತ್ತು ಇಳಿಸಿದ ಮೇಲೆ ಸಾಮಾನು ಎಣಿಸುವ ಕೆಲಸ ಪತ್ನಿಯದು. ಮದುವೆಗೆ ಮುಂಚೆ ಶಾಲಾ ಶಿಕ್ಷಕಿಯಾಗಿದ್ದ ಆಕೆ ಎರಡನೆಯ ವರ್ಗಾವಣೆಗೆ ಕೆಲಸ ಬಿಟ್ಟಳು. ಅದನ್ನು ಕುರಿತು ನಾವು ಚರ್ಚಿಸಿದ ನೆನಪಿಲ್ಲ. ಅದು ಚರ್ಚಿಸುವ ವಿಷಯವೆಂದೇ ನನಗೆ ಅನ್ನಿಸಿರಲಿಲ್ಲ. ಮಕ್ಕಳ ಓದಿನ ಸಲುವಾಗಿ ಆಕೆ ಬೆಂಗಳೂರಿನಲ್ಲಿ ನೆಲೆಸಿದ ಮೇಲೆ ಎಂಟು ವರ್ಷ ನಾನೊಬ್ಬನೇ ಅತಿಥಿಗೃಹಗಳಲ್ಲಿ ಉಂಡೆ. ಹೀಗಾಗಿ ದೇಸಿಯ ಊರೂರು ಅಲೆದಾಟದ ಪುಟಗಳನ್ನು ಓದುವಾಗ ನಾನು ಯಾರ ಪಕ್ಷವನ್ನೂ ಸುಲಭವಾಗಿ ವಹಿಸಲಾರದೆ ಹೋದೆ.

ಲೂಸಿಲ್ ಕಂಡುಕೊಂಡ ಪರಿಹಾರ ಮಾತ್ರ ನಮಗಾರಿಗೂ ಹೊಳೆಯುವಂಥದ್ದಲ್ಲ. 1948ರಿಂದ ಆಕೆ ರೇಡಿಯೊದಲ್ಲಿ ಗೃಹಿಣಿಯೊಬ್ಬಳ ಹಾಸ್ಯ ಧಾರಾವಾಹಿ ನಡೆಸುತ್ತಿದ್ದಳು. ಸಿಬಿಎಸ್ ಸಂಸ್ಥೆ ಅದನ್ನು ಟೆಲಿವಿಷನ್ನಿಗೆ ತರಬಯಸಿತು. ಗಂಡನ ಪಾತ್ರವನ್ನು ತನ್ನ ಗಂಡನೇ ಮಾಡಬೇಕೆಂದು ಆಕೆ ಪಟ್ಟುಹಿಡಿದಳು. ಆತ ಊರಲ್ಲೇ ಉಳಿಯಲಿ ಎಂಬುದಷ್ಟೇ ಉದ್ದೇಶ. ಕೆಂಪುಗೂದಲಿನ ಅಮೆರಿಕನ್ ಹೆಣ್ಣಿಗೆ ತೊದಲು ಇಂಗ್ಲಿಷಿನ ಕ್ಯೂಬನ್ ಗಂಡನೆಂದರೆ ಜನ ನಂಬುವುದಿಲ್ಲವೆಂದು ಸಂಸ್ಥೆಯವರು ಹಿಂಜರಿದರು. ಹತ್ತು ವರ್ಷ ಸಂಸಾರ ಮಾಡಿದ ಜೋಡಿಯನ್ನು ದಂಪತಿಯೆಂದು ನಂಬುವುದಿಲ್ಲ ಎಂಬ ಆಕ್ಷೇಪ! ದಂಪತಿಗಳು ಸುಮ್ಮನಾಗಲಿಲ್ಲ. 1950ರಲ್ಲಿ ಪುಟ್ಟ ಹಾಸ್ಯ ಪ್ರದರ್ಶನವೊಂದನ್ನು ಕಟ್ಟಿಕೊಂಡು ಊರೂರು ತಿರುಗಿದರು. ಜನ ನಕ್ಕರು. ಅದೇ ವರ್ಷ ತೋಟದ ಮನೆಯ ಹೆಸರಿನಲ್ಲೇ ದೇಸಿಲು ಕಂಪನಿಯನ್ನೂ ಸ್ಥಾಪಿಸಿದರು.

ಆಗಿನ ಟೆಲಿವಿಷನ್ ಕಾರ್ಯಕ್ರಮಗಳು ಬಹುಪಾಲು ನ್ಯೂಯಾರ್ಕ್‌ನಿಂದ ನೇರ ಪ್ರಸಾರವಾಗುತ್ತಿದ್ದವು. ದೂರದ ಊರುಗಳಿಗೆ ಪರದೆಯ ಮೇಲಿನ ಬಿಂಬವನ್ನೇ ಚಿತ್ರೀಕರಿಸಿದ ಮಸುಕು ಪ್ರತಿ ಹೋಗುತ್ತಿತ್ತು. ಲೂಸಿಲ್ ಕ್ಯಾಲಿಫೋರ್ನಿಯಾದ ಮನೆ ಬಿಟ್ಟು ಬರಲು ಒಪ್ಪಲಿಲ್ಲ. ಜಾಹೀರಾತುದಾರರು ಮಸುಕು ಪ್ರತಿಗೆ ಒಪ್ಪಲಿಲ್ಲ. ಸಿನಿಮಾದ 35 ಮಿಲಿಮೀಟರ್ ಫಿಲ್ಮಿನಲ್ಲಿ, ಪ್ರೇಕ್ಷಕರ ಎದುರಿನಲ್ಲೇ, ಮೂರು ಕ್ಯಾಮೆರಾಗಳಿಂದ ಏಕಕಾಲಕ್ಕೆ ಚಿತ್ರೀಕರಿಸುವುದೆಂದು ದೇಸಿ ಸೂಚಿಸಿದ. ಜರ್ಮನಿಯಿಂದ ಬಂದಿದ್ದ ಹೆಸರಾಂತ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ ಅದಕ್ಕೆ ತಕ್ಕ ಬೆಳಕಿನ ವ್ಯವಸ್ಥೆ ಮಾಡಿದ. ಆದರೆ ಖರ್ಚು ಏರಿತು. ಅದನ್ನು ಯಾರು ಭರಿಸಬೇಕು? ತಮ್ಮ ಸಂಭಾವನೆಯಲ್ಲಿ ವಾರಕ್ಕೆ 1,000 ಡಾಲರ್ ಕಡಿತಕ್ಕೆ ದಂಪತಿಗಳು ಒಪ್ಪಿಕೊಂಡರು. ಪ್ರತಿಯಾಗಿ ಅವರು ಕೇಳಿದ್ದು ಒಂದೇ, ಚಿತ್ರೀಕರಿಸಿದ ಫಿಲ್ಮುಗಳ ಒಡೆತನ.

ಆ ಕೋರಿಕೆಗೆ ಸಂಸ್ಥೆ ತಲೆಯಾಡಿಸಿತು. ಒಮ್ಮೆ ತೋರಿಸಿಯಾದ ಕಾರ್ಯಕ್ರಮ ಹಳಸಿದ ಅನ್ನವೆಂದು ಆಗಿನ ಭಾವನೆ. ಎಂ.ಎ. ತರಗತಿಯಲ್ಲಿ ಸ್ಥಿರವೆಚ್ಚ ಮತ್ತು ಸೀಮಾಂತ ವೆಚ್ಚಗಳ ವ್ಯತ್ಯಾಸವನ್ನು ನಾವು ರೇಖಾಚಿತ್ರ ಬರೆದು ಕಲಿತೆವು. ಇವರು ಅದನ್ನು ಬದುಕಿನಲ್ಲಿ ಪ್ರಯೋಗಿಸಿದರು. ಕಾರ್ಯಕ್ರಮವನ್ನು ತಯಾರಿಸುವ ಖರ್ಚು ಒಮ್ಮೆ ಮಾತ್ರ. ಎರಡನೆಯ, ಇಪ್ಪತ್ತನೆಯ, ನೂರನೆಯ ಪ್ರಸಾರಕ್ಕೆ ತಗಲುವ ಹೆಚ್ಚುವರಿ ವೆಚ್ಚ ಅತ್ಯಲ್ಪ. ಬರುವ ಬಾಡಿಗೆ ಮಾತ್ರ ಪ್ರತಿ ಬಾರಿಯೂ ಬರುತ್ತದೆ. ಆದರೆ ಈ ಲೆಕ್ಕವನ್ನು ಅವರು ಆರಂಭದಲ್ಲೇ ಪೂರ್ತಿಯಾಗಿ ಕಂಡಿದ್ದರೆಂದು ನಾನು ಹೇಳಲಾರೆ. ಮೂಲದಲ್ಲಿ ಅದು ಊರು ಬಿಡಲೊಲ್ಲದ ಗೃಹಿಣಿಯೊಬ್ಬಳ ಹಟ. ಅರ್ಥಶಾಸ್ತ್ರ ಹಿಂದಿನಿಂದ ಬಂದು ಸೇರಿಕೊಂಡಿತು.

1951ರ ಜುಲೈನಲ್ಲಿ, ನಲವತ್ತರ ಹೊಸ್ತಿಲಲ್ಲಿ, ಆಕೆ ಹೆಣ್ಣುಮಗುವಿನ ತಾಯಿಯಾದಳು. ಅಕ್ಟೋಬರ್ 15ರಂದು ‘ಐ ಲವ್ ಲೂಸಿ’ ಆರಂಭವಾಯಿತು. ವಾದ್ಯವೃಂದದ ನಾಯಕ ರಿಕಿ, ಹೇಗಾದರೂ ರಂಗವೇರಬೇಕೆಂದು ಹವಣಿಸುವ ಆತನ ಹೆಂಡತಿ ಲೂಸಿ. ಆರು ವರ್ಷಗಳಲ್ಲಿ ಸುಮಾರು 180 ಕಂತುಗಳು. ಮಿಠಾಯಿ ಕಾರ್ಖಾನೆಯಲ್ಲಿ ಸಾಗುವ ಪಟ್ಟಿಯ ವೇಗ ಹೆಚ್ಚುತ್ತಿದ್ದಂತೆ ಚಾಕೊಲೇಟುಗಳನ್ನು ಬಾಯಿಗೆ, ಟೊಪ್ಪಿಗೆಗೆ, ರವಿಕೆಯೊಳಗೆ ತುಂಬಿಕೊಳ್ಳುವ 1952ರ ಕಂತನ್ನು ಇಂದಿನ ಮಕ್ಕಳೂ ನೋಡಿ ನಗುತ್ತಾರೆ. ಪರದೆಯ ಮೇಲೆ ಪೆದ್ದಿಯಂತೆ ಕಾಣುತ್ತಿದ್ದ ಈಕೆ ತಾಲೀಮಿನಲ್ಲಿ ಕಠೋರ ಶಿಸ್ತಿನವಳು. ಪ್ರತಿ ಎಡವುವಿಕೆಯನ್ನೂ ಹತ್ತಾರು ಬಾರಿ ಅಭ್ಯಾಸ ಮಾಡುತ್ತಿದ್ದಳು. ಮನೆಯಲ್ಲಿ ಹೆಚ್ಚು ನಗುತ್ತಿದ್ದವಳೂ ಅಲ್ಲವಂತೆ.

ಎರಡನೆಯ ಬಾರಿ ಗರ್ಭಿಣಿಯಾದಾಗ ಕಾರ್ಯಕ್ರಮ ನಿಲ್ಲಬೇಕೆಂದು ಎಲ್ಲರೂ ಭಾವಿಸಿದರು. ಬಸುರಿ ಹೆಣ್ಣನ್ನು ಪರದೆಯ ಮೇಲೆ ತೋರಿಸುವುದಿರಲಿ, ಆ ಪದವನ್ನು ಉಚ್ಚರಿಸುವುದೂ ಅಸಭ್ಯವೆನಿಸಿದ್ದ ಕಾಲ. ದಂಪತಿಗಳು ಅದನ್ನೇ ಕತೆಯಾಗಿಸಿದರು. 1953ರ ಜನವರಿ 19ರಂದು ಕತೆಯ ಲೂಸಿಗೆ ಗಂಡುಮಗು ಹುಟ್ಟಿದ ಕಂತು ಪ್ರಸಾರವಾಯಿತು. ಅದೇ ದಿನ ನಿಜವಾದ ಲೂಸಿಲ್‌ಗೂ ಗಂಡುಮಗು. ಸುಮಾರು 4 ಕೋಟಿ 40 ಲಕ್ಷ ಜನ ಅದನ್ನು ನೋಡಿದರೆಂದು ಅಂದಾಜು. ಮರುದಿನ ಐಸೆನ್‌ಹೋವರ್ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ್ದನ್ನು ನೋಡಿದವರು ಅಷ್ಟಿರಲಿಲ್ಲ. ಬಾಣಂತಿಗೆ ವಿಶ್ರಾಂತಿ ಬೇಕಿದ್ದ ವಾರಗಳಲ್ಲಿ ಹಳೆಯ ಕಂತುಗಳನ್ನೇ ಮತ್ತೆ ತೋರಿಸಿದರು. ಜನ ಮತ್ತೆ ನೋಡಿದರು. ಹಳೆಯ ಧಾರಾವಾಹಿಗಳ ಮರುಪ್ರಸಾರವೆಂಬ ಇಂದಿನ ಬೃಹತ್ ವ್ಯಾಪಾರದ ಬೇರುಗಳಲ್ಲೊಂದು ಹೀಗೆ ಒಂದು ಹೆರಿಗೆ ರಜೆಯಲ್ಲಿದೆ.

ಆ ವರ್ಷದ ಬೇಸಿಗೆಯಲ್ಲಿ ಚಿತ್ರೀಕರಣಗೊಂಡದ್ದೇ ‘ದಿ ಲಾಂಗ್, ಲಾಂಗ್ ಟ್ರೇಲರ್’. ಕ್ಲಿಂಟನ್ ಟ್ವಿಸ್ ಎಂಬಾತನ ಪುಸ್ತಕವನ್ನು ಆಧರಿಸಿ ಚಿತ್ರಕತೆ ಬರೆದವರು ಆಲ್ಬರ್ಟ್ ಹ್ಯಾಕೆಟ್ ಮತ್ತು ಫ್ರಾನ್ಸಿಸ್ ಗುಡ್ರಿಚ್. ಅವರೂ ಗಂಡ ಹೆಂಡತಿ. ನಿರ್ದೇಶಕ ವಿನ್ಸೆಂಟ್ ಮಿನೆಲ್ಲಿ. ಮನೆಯಲ್ಲಿ ಪುಕ್ಕಟೆಯಾಗಿ ಸಿಗುವ ಜೋಡಿಯನ್ನು ನೋಡಲು ಜನ ಟಿಕೆಟ್ ಕೊಳ್ಳುತ್ತಾರೆಯೇ ಎಂದು ಎಂಜಿಎಂನವರಿಗೆ ಅನುಮಾನವಿತ್ತು. ಜನ ಮುಗಿಬಿದ್ದು ಬಂದರು.

ಕತೆ ಸರಳ. ಇಂಜಿನಿಯರ್ ನಿಕಿಗೆ ಕೆಲಸ ಕರೆದಲ್ಲಿಗೆ ಹೋಗಬೇಕು. ವಧು ಟೇಸಿಗೆ ಒಂದು ಮನೆ ಬೇಕು. ಬಾಡಿಗೆ ಮನೆಗಳಲ್ಲಿ ಹಣ ಕಳೆಯುವ ಬದಲು ಗಾಲಿಯ ಮನೆಯನ್ನೇ ಕೊಳ್ಳೋಣವೆಂದು ಆಕೆ ಲೆಕ್ಕ ಒಪ್ಪಿಸುತ್ತಾಳೆ. ಸಣ್ಣದನ್ನು ನೋಡಲು ಹೋದವರು 36 ಅಡಿ ಉದ್ದದ ಹಳದಿ ಟ್ರೇಲರಿಗೆ ಮನಸೋಲುತ್ತಾರೆ. ಬೆಲೆ 5,345 ಡಾಲರ್. ಆಗಿನ ಸಾಧಾರಣ ಅಮೆರಿಕನ್ ಕುಟುಂಬದ ಒಂದು ವರ್ಷದ ಆದಾಯಕ್ಕಿಂತ ಹೆಚ್ಚು. ಅದನ್ನು ಎಳೆಯಲು ಬಲವಾದ ಕಾರು, ಕೊಂಡಿ, ಹೆಚ್ಚುವರಿ ಬ್ರೇಕು ಎಂದು ಉಳಿತಾಯದ ಯೋಜನೆ ಸಾಲದ ಯೋಜನೆಯಾಗುತ್ತದೆ. ಯುದ್ಧಾನಂತರದ ಅಮೆರಿಕದ ಕಂತು ವ್ಯಾಪಾರವನ್ನು ಕುರಿತು ನಾನು ಓದಿದ ಅನೇಕ ಪ್ರಬಂಧಗಳಿಗಿಂತ ಈ ಹತ್ತು ನಿಮಿಷ ಸ್ಪಷ್ಟವಾಗಿದೆ. ಮುಂದೆ ಬಂಧುಗಳ ಮನೆಯಂಗಳಕ್ಕೆ ಟ್ರೇಲರನ್ನು ಹಿಮ್ಮುಖವಾಗಿ ತರುವಾಗ ಗುಲಾಬಿ ತೋಟ ನೆಲಸಮವಾಗುತ್ತದೆ. ಕಾಡುದಾರಿಯಲ್ಲಿ ಮಳೆ ಬಂದು ಮನೆ ವಾಲುತ್ತದೆ, ಬಾಗಿಲು ತೆರೆದ ವಧು ನೇರವಾಗಿ ಕೆಸರಿಗೆ ಬೀಳುತ್ತಾಳೆ. ಗಂಡ ಕಾರು ಓಡಿಸುತ್ತಿರುವಾಗಲೇ ಹಿಂದಿನ ಟ್ರೇಲರಿನಲ್ಲಿ ಅಡುಗೆ ಮಾಡಲು ಹೊರಟ ದೃಶ್ಯದಲ್ಲಿ ತರಕಾರಿ, ಹಿಟ್ಟು, ಸಾರು ಎಲ್ಲವೂ ಆಕೆಯ ಮೈಮೇಲೆ. ಆ ದೃಶ್ಯಕ್ಕೆ ನನ್ನ ಪತ್ನಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಟೇಸಿಗೆ ಒಂದು ಹುಚ್ಚು. ಹೋದ ಕಡೆಯಲ್ಲೆಲ್ಲ ನೆನಪಿಗಾಗಿ ಒಂದು ಕಲ್ಲನ್ನು ಎತ್ತಿಕೊಳ್ಳುತ್ತಾಳೆ. ಹಣ್ಣಿನ ಮುರಬ್ಬ ಮಾಡಿ ಜಾಡಿಗಳಲ್ಲಿ ತುಂಬಿಡುತ್ತಾಳೆ. ಎತ್ತರದ ಘಾಟಿ ಹತ್ತುವ ಮೊದಲು, ಈ ಭಾರವಿದ್ದರೆ ಪ್ರಾಣಾಪಾಯ, ಎಲ್ಲವನ್ನೂ ಎಸೆದುಬಿಡು ಎಂದು ನಿಕಿ ಆಜ್ಞೆ ಮಾಡುತ್ತಾನೆ. ಆಕೆ ಎಸೆಯುವುದಿಲ್ಲ, ಬಚ್ಚಿಡುತ್ತಾಳೆ. ಒಂದು ಬದಿ ಬಂಡೆ, ಇನ್ನೊಂದು ಬದಿ ಪ್ರಪಾತ. ಕಡಿದಾದ ದಾರಿಯಲ್ಲಿ ಟ್ರೇಲರ್ ತೆವಳುತ್ತಿರುವಾಗ ಇಬ್ಬರೂ ಭಯವನ್ನು ಮುಚ್ಚಿಟ್ಟು ಬೇರೇನೋ ಮಾತನಾಡುತ್ತಾರೆ. ತುದಿ ತಲುಪಿದ ಮೇಲೆ ಕಲ್ಲುಗಳು ಕಂಡು ಜಗಳ ಸಿಡಿಯುತ್ತದೆ. ಗಂಡ ಒಂದೊಂದು ಕಲ್ಲನ್ನೂ ಪ್ರಪಾತಕ್ಕೆ ಎಸೆಯುತ್ತಾನೆ. ಈ ಭಾಗಕ್ಕೆ ನನ್ನ ಪತ್ನಿ ನಗಲಿಲ್ಲ.

ಶಿರಸಿಯಿಂದ ಯಾದಗಿರಿಗೆ ವರ್ಗವಾದಾಗ, ಲಾರಿಯಲ್ಲಿ ಜಾಗವಿಲ್ಲವೆಂದು ತವರಿನಿಂದ ತಂದಿದ್ದ ಒರಳುಕಲ್ಲನ್ನು ಬಿಟ್ಟುಬರಲು ನಾನು ಹೇಳಿದ್ದೆ. ಯಾದಗಿರಿಯ ಅಡುಗೆಮನೆಯಲ್ಲಿ ಒರಳುಕಲ್ಲು ಕಂಡಾಗ ಆಕೆ ಅಲ್ಲಿಯೇ ಹೊಸದೊಂದನ್ನು ಕೊಂಡಳೆಂದು ಇಷ್ಟು ವರ್ಷವೂ ತಿಳಿದಿದ್ದೆ. ಚಿತ್ರ ಮುಗಿದ ಮೇಲೆ ಆಕೆ ನಿಜ ಹೇಳಿದಳು. ಚಾಲಕನಿಗೆ ಹತ್ತು ರೂಪಾಯಿ ಕೊಟ್ಟು, ನನ್ನ ಪುಸ್ತಕಗಳ ಮೂಟೆಗಳ ಕೆಳಗೆ ಅದನ್ನು ಇಡಿಸಿದ್ದಳಂತೆ. ಯಾವ ಊರಿನಲ್ಲೂ ಎಣಿಕೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲವಂತೆ. ಆ ಕಲ್ಲು ಈಗ ನಮ್ಮ ಹಿತ್ತಲಿನ ನುಗ್ಗೆಮರದ ಬುಡದಲ್ಲಿದೆ.

ಲೂಸಿಲ್‌ನ ಕತೆಗೆ ಮರಳೋಣ. ಟ್ರೇಲರ್ ಚಿತ್ರ ಬಿಡುಗಡೆಗೆ ಕಾದಿದ್ದಾಗ, 1953ರ ಸೆಪ್ಟೆಂಬರಿನಲ್ಲಿ, ಅಜ್ಜನ ಇನ್ನೊಂದು ಕೊಡುಗೆ ಎದುರಿಗೆ ಬಂತು. 1936ರಲ್ಲಿ ಆಕೆ ಮತದಾರಳಾಗಿ ನೋಂದಾಯಿಸುವಾಗ ಕಮ್ಯುನಿಸ್ಟ್ ಪಕ್ಷವನ್ನು ನಮೂದಿಸಿದ್ದಳು. ಮುದುಕನನ್ನು ಸಂತೋಷಪಡಿಸಲು ಮಾಡಿದ್ದೆಂದು ಆಕೆ ತನಿಖಾ ಸಮಿತಿಗೆ ತಿಳಿಸಿದಳು. ಸೆನೆಟರ್ ಮೆಕಾರ್ಥಿಯ ಹೆಸರಿಗೇ ಜನ ನಡುಗುತ್ತಿದ್ದ ದಿನಗಳು. ಇದಕ್ಕಿಂತ ಸಣ್ಣ ಆರೋಪಗಳಿಗೆ ಅನೇಕ ಕಲಾವಿದರು ಅನ್ನ ಕಳೆದುಕೊಂಡಿದ್ದರು. ಸುದ್ದಿ ಹೊರಬಿದ್ದ ವಾರ, ಚಿತ್ರೀಕರಣಕ್ಕೆ ಮೊದಲು ದೇಸಿ ಪ್ರೇಕ್ಷಕರೆದುರು ನಿಂತು, ತನ್ನ ಹೆಂಡತಿಯಲ್ಲಿ ಕೆಂಪಾಗಿರುವುದು ಕೂದಲು ಮಾತ್ರ, ಅದೂ ನಿಜವಲ್ಲವೆಂದು ವಿನೋದವಾಗಿ ಸಮರ್ಥಿಸಿದ. ಕಮ್ಯುನಿಸ್ಟ್ ಅಲ್ಲದಿದ್ದರೂ ಕ್ರಾಂತಿಯಿಂದ ಮನೆ ಕಳೆದುಕೊಂಡವನ ಮಾತಾದ್ದರಿಂದ ಅದಕ್ಕೆ ತೂಕವಿತ್ತು. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಆತನ ಬಗ್ಗೆ ಹೇಳಬೇಕಾದ ಒಳ್ಳೆಯ ಮಾತುಗಳಲ್ಲಿ ಇದು ಒಂದು. ಆತನ ವ್ಯವಹಾರ ಬುದ್ಧಿಯನ್ನು ಇತಿಹಾಸ ತಡವಾಗಿ ಗುರುತಿಸಿತು.

ಏಕೆಂದರೆ ಕಂಪನಿ ಬೆಳೆದದ್ದು ಆತನ ಕೈಯಲ್ಲಿ. ಆ ಹಳೆಯ ಕಂತುಗಳ ಹಕ್ಕನ್ನು ಸಿಬಿಎಸ್ ಸಂಸ್ಥೆಯೇ ಕೆಲವು ವರ್ಷಗಳ ನಂತರ 40 ಲಕ್ಷಕ್ಕೂ ಹೆಚ್ಚು ಡಾಲರ್ ಕೊಟ್ಟು ಕೊಳ್ಳಬೇಕಾಯಿತು. 1957ರಲ್ಲಿ ದೇಸಿಲು ಆರ್‌ಕೆಓ ಸ್ಟುಡಿಯೊಗಳನ್ನು ಖರೀದಿಸಿತು. ಇಬ್ಬರೂ ಸಂಬಳಕ್ಕೆ ದುಡಿದಿದ್ದ, ಪರಸ್ಪರ ಭೇಟಿಯಾಗಿದ್ದ ಅದೇ ಸ್ಟುಡಿಯೊ. ಗಂಡನನ್ನು ಊರಲ್ಲಿ ಇರಿಸಿಕೊಳ್ಳಲು ಕಟ್ಟಿದ ಕಂಪನಿ ಆತನ ಹಗಲನ್ನೂ ರಾತ್ರಿಯನ್ನೂ ನುಂಗಿತು. ಕುಡಿತ ಹೆಚ್ಚಿತು. 1960ರ ಮಾರ್ಚ್ 2ರಂದು ಇಬ್ಬರೂ ಒಟ್ಟಿಗೆ ನಟಿಸಿದ ಕೊನೆಯ ಕಂತಿನ ಚಿತ್ರೀಕರಣ. ರೂಢಿಯಂತೆ ಅದರ ಕೊನೆಯಲ್ಲಿ ದಂಪತಿಗಳು ರಾಜಿಯಾಗಿ ಅಪ್ಪಿಕೊಳ್ಳಬೇಕಿತ್ತು. ಅಪ್ಪಿಕೊಂಡರು. ಮರುದಿನ ಆಕೆ ವಿಚ್ಛೇದನಕ್ಕೆ ಅರ್ಜಿ ಸಲ್ಲಿಸಿದಳು. ಟ್ರೇಲರ್ ಚಿತ್ರದಲ್ಲಿ ಮಳೆಯಲ್ಲಿ ನೆನೆಯುತ್ತ ಗಂಡ ಹೆಂಡತಿಯರು ಮತ್ತೆ ಒಂದಾಗಿ ಏಳು ವರ್ಷವೂ ಆಗಿರಲಿಲ್ಲ.

ಆನಂತರ ಆಕೆ ನ್ಯೂಯಾರ್ಕ್ ರಂಗಭೂಮಿಯಲ್ಲಿ ನಟಿಸಿದಳು. 1961ರಲ್ಲಿ ಹಾಸ್ಯಗಾರ ಗ್ಯಾರಿ ಮಾರ್ಟನ್‌ನನ್ನು ಮದುವೆಯಾದಳು. ಆ ದಾಂಪತ್ಯ ಕೊನೆಯವರೆಗೂ ಉಳಿಯಿತು. 1962ರಲ್ಲಿ ದೇಸಿಯ ಪಾಲಿನ ಷೇರುಗಳನ್ನು ಕೊಂಡು ಕಂಪನಿಯ ಅಧ್ಯಕ್ಷೆಯಾದಳು. ದೊಡ್ಡ ಟೆಲಿವಿಷನ್ ಸ್ಟುಡಿಯೊವೊಂದನ್ನು ಮುನ್ನಡೆಸಿದ ಮೊದಲ ಮಹಿಳೆ. ಆಡಳಿತ ಆಕೆಗೆ ಪ್ರಿಯವಾದ ಕೆಲಸವಾಗಿರಲಿಲ್ಲ. ಬೆಳಿಗ್ಗೆ ಲೆಕ್ಕಪತ್ರಗಳನ್ನು ನೋಡಿ ಮಧ್ಯಾಹ್ನ ಮುಖಕ್ಕೆ ಕೇಕ್ ಬಳಿದುಕೊಂಡು ನಗಿಸುವುದು ಸುಲಭವಲ್ಲ. ಆದರೂ ತನ್ನ ಕಂಪನಿಯ ಕೆಲವು ಹಿರಿಯರ ಹಿಂಜರಿಕೆಯನ್ನು ಮೀರಿ ಆಕೆ ಬೆಂಬಲಿಸಿದ ದುಬಾರಿ ಯೋಜನೆಗಳಲ್ಲಿ ‘ಸ್ಟಾರ್ ಟ್ರೆಕ್’ ಮತ್ತು ‘ಮಿಷನ್: ಇಂಪಾಸಿಬಲ್’ ಸೇರಿದ್ದವು. ಎರಡೂ 1966ರಲ್ಲಿ ಆರಂಭವಾದವು. ಎರಡರ ಸಂತಾನ ಇಂದಿಗೂ ಸಿನಿಮಾಗಳಾಗಿ ನಮ್ಮ ಊರುಗಳಿಗೆ ಬರುತ್ತಿದೆ. 1967ರಲ್ಲಿ ಕಂಪನಿಯನ್ನು 1 ಕೋಟಿ 70 ಲಕ್ಷ ಡಾಲರಿಗೆ ಮಾರಿ ಆಕೆ ಹೊರೆ ಇಳಿಸಿಕೊಂಡಳು. 1974ರವರೆಗೂ ವಾರದ ಧಾರಾವಾಹಿಗಳಲ್ಲಿ ನಟಿಸಿದಳು. ಕೊನೆಯದರಲ್ಲಿ ತನ್ನಿಬ್ಬರು ಮಕ್ಕಳನ್ನೂ ಜೊತೆಗಿಟ್ಟುಕೊಂಡಳು. ಮಕ್ಕಳನ್ನು ಕಣ್ಣೆದುರು ಇಟ್ಟುಕೊಳ್ಳಲು ಆಕೆಗೆ ಗೊತ್ತಿದ್ದ ಉಪಾಯ ಅದೊಂದೇ.

1986ರಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ, ಮತ್ತೆ ಧಾರಾವಾಹಿಗೆ ಮರಳಿದ್ದು ತಪ್ಪು ಹೆಜ್ಜೆ. ಎಂಟು ಕಂತುಗಳಿಗೆ ಅದು ನಿಂತಿತು. ಅದೇ ಡಿಸೆಂಬರ್ 2ರಂದು ದೇಸಿ ತೀರಿಕೊಂಡ. ಐದು ದಿನಗಳ ನಂತರ ವಾಷಿಂಗ್ಟನ್ನಿನಲ್ಲಿ ಆಕೆಗೆ ಕೆನಡಿ ಕೇಂದ್ರದ ಗೌರವ ಸಂದಿತು. ಸಮಾರಂಭಕ್ಕೆಂದು ದೇಸಿ ಬರೆದಿಟ್ಟಿದ್ದ ಪ್ರೀತಿಯ ಸಂದೇಶವನ್ನು ನಟನೊಬ್ಬ ಓದಿದಾಗ ಮೇಲಿನ ಸಾಲಿನಲ್ಲಿ ಕುಳಿತಿದ್ದ ಲೂಸಿಲ್ ಕಣ್ಣೊರೆಸಿಕೊಂಡಳು. ಆಕೆಯ ಪಕ್ಕದಲ್ಲಿ ಎರಡನೆಯ ಪತಿಯೂ ಇದ್ದ. ಅವರಿಬ್ಬರ ಮಗಳು ಮುಂದೆ ಹಲವು ಸಂದರ್ಭಗಳಲ್ಲಿ ಹೇಳಿರುವಂತೆ, ವಿಚ್ಛೇದನದ ನಂತರ ತಂದೆತಾಯಿಗಳು ಒಬ್ಬರನ್ನೊಬ್ಬರು ಗೌರವದಿಂದಲೇ ಕಂಡರು.

1989ರ ಏಪ್ರಿಲ್ 26ರಂದು, ಹೃದಯದ ಮಹಾಧಮನಿಯ ಶಸ್ತ್ರಚಿಕಿತ್ಸೆಯ ಕೆಲವು ದಿನಗಳ ನಂತರ, ಲೂಸಿಲ್ ಬಾಲ್ ನಿಧನಳಾದಳು. ಚಿತಾಭಸ್ಮವನ್ನು ಮೊದಲು ಲಾಸ್ ಏಂಜಲಿಸ್‌ನಲ್ಲಿ ಇರಿಸಿದ್ದರು. 2002ರಲ್ಲಿ ಮಕ್ಕಳು ಅದನ್ನು ಜೇಮ್ಸ್‌ಟೌನ್‌ಗೆ ತಂದು ಹಂಟ್ ಕುಟುಂಬದವರ ಸಮಾಧಿಗಳ ನಡುವೆ ಇರಿಸಿದರು.

ಅಜ್ಜನ ಮನೆ ಹರಾಜಾದ ಸೆಲೊರಾನ್ ಊರಿನವರು 2009ರಲ್ಲಿ ಅಲ್ಲಿನ ಉದ್ಯಾನದಲ್ಲಿ ಆಕೆಯ ಕಂಚಿನ ಪ್ರತಿಮೆ ನಿಲ್ಲಿಸಿದರು. ಅದು ಆಕೆಯನ್ನು ಕಿಂಚಿತ್ತೂ ಹೋಲುತ್ತಿರಲಿಲ್ಲ. ಮಕ್ಕಳು ಹೆದರುವಂತಿತ್ತು. ಜನ ಅದಕ್ಕೆ ಭಯಂಕರ ಲೂಸಿ ಎಂದೇ ಹೆಸರಿಟ್ಟರು. ಪ್ರತಿಮೆಗಳ ವಿವಾದಗಳನ್ನು ಬಗೆಹರಿಸಲು ಹೋಗಿ ಕೈಸುಟ್ಟುಕೊಂಡಿರುವ ನಾನು ಅಲ್ಲಿನ ಪುರಪಿತೃಗಳ ಸ್ಥಿತಿಯನ್ನು ಊಹಿಸಬಲ್ಲೆ. 2016ರಲ್ಲಿ, ಆಕೆಯ ಹುಟ್ಟುಹಬ್ಬದಂದು, ಬೇರೊಬ್ಬ ಶಿಲ್ಪಿ ಮಾಡಿದ ಚೆಲುವಾದ ಪ್ರತಿಮೆ ಬಂತು. ಹಳೆಯದನ್ನು ಅವರು ಕರಗಿಸಲಿಲ್ಲ. ಅದೇ ಉದ್ಯಾನದಲ್ಲಿ ತುಸು ಆಚೆಗೆ ಸರಿಸಿ ಉಳಿಸಿಕೊಂಡರು. ಅದನ್ನು ನೋಡಲೆಂದೇ ಬರುವ ಪ್ರವಾಸಿಗರೂ ಇದ್ದಾರಂತೆ.